ಬೆಣೆ ಬಂಡೆಯನ್ನು ಸೀಳುವ ಬಗೆ: ಬಲ, ಘರ್ಷಣೆ, ಸ್ಟ್ರೆಸ್

ಹಂಪಿಯ ಬಂಡೆಗಳ ಅಂಚಿನಲ್ಲಿ ಸಾಲು ಸಾಲು ಸಣ್ಣ ಕುಳಿಗಳು ಕಾಣುತ್ತವೆ. ಕಲ್ಲುಕುಟಿಗರು ಉಳಿಯಿಂದ ಕುಳಿ ತೋಡಿ, ಬೆಣೆ ಹೊಡೆದು ಗ್ರಾನೈಟ್ ಸೀಳಿದ ಗುರುತು ಅವು. ಬಲ, ಘರ್ಷಣೆ, ಸ್ಟ್ರೆಸ್ ಮೂರನ್ನೂ ಒಟ್ಟಿಗೆ ಅರ್ಥ ಮಾಡಿಕೊಳ್ಳಲು ಇದು ಬಹಳ ಒಳ್ಳೆಯ ಉದಾಹರಣೆ.

ಮೊದಲು ಬಲ. ಸುತ್ತಿಗೆ ಕೆಳಮುಖವಾಗಿ ತಳ್ಳಿದರೂ ಬೆಣೆಯ ಇಳಿಜಾರು ಕಲ್ಲನ್ನು ಅಕ್ಕಪಕ್ಕಕ್ಕೆ ದೂಡುತ್ತದೆ. ಬೆಣೆಯ ಕೋನ 10 ಡಿಗ್ರಿ, ಅಂದರೆ ಅರ್ಧಕೋನ 5 ಡಿಗ್ರಿ ಎಂದುಕೊಳ್ಳಿ. ಘರ್ಷಣೆಯೇ ಇಲ್ಲದಿದ್ದರೆ, 100 ನ್ಯೂಟನ್ ಬಲವನ್ನು ಅರ್ಧಕೋನದ ಟ್ಯಾನ್ ಬೆಲೆಯ ಎರಡು ಪಟ್ಟಿನಿಂದ ಭಾಗಿಸಿದಷ್ಟು, ಅಂದರೆ ಒಂದೊಂದು ಬದಿಗೂ ಸುಮಾರು 570 ನ್ಯೂಟನ್ ಸಿಗಬೇಕು.

ಆದರೆ ಘರ್ಷಣೆ ಇದ್ದೇ ಇದೆ. ಘರ್ಷಣಾ ಗುಣಾಂಕ 0.3 ಎಂದಿಟ್ಟುಕೊಂಡರೆ ಘರ್ಷಣಾ ಕೋನ, ಅಂದರೆ ಟ್ಯಾನ್ ಬೆಲೆ ಆ ಗುಣಾಂಕಕ್ಕೆ ಸಮನಾದ ಕೋನ, ಸುಮಾರು 17 ಡಿಗ್ರಿ. ಅದನ್ನು ಅರ್ಧಕೋನಕ್ಕೆ ಕೂಡಿಸಿ. 22 ಡಿಗ್ರಿಯ ಟ್ಯಾನ್ ಬೆಲೆ 0.4, 100ನ್ನು ಅದರ ಎರಡು ಪಟ್ಟಿನಿಂದ ಭಾಗಿಸಿದರೆ 125 ನ್ಯೂಟನ್ ಮಾತ್ರ! ಇಲ್ಲಿಗೆ ನಿಲ್ಲಿಸಿದರೆ ಘರ್ಷಣೆ ಬರೀ ನಷ್ಟ ಅನ್ನಿಸುತ್ತದೆ. ಹಾಗಲ್ಲ. ಅರ್ಧಕೋನ ಘರ್ಷಣಾ ಕೋನಕ್ಕಿಂತ ಚಿಕ್ಕದಾಗಿರುವುದರಿಂದಲೇ ಸುತ್ತಿಗೆ ಎತ್ತಿದಾಗ ಬೆಣೆ ಹೊರಗೆ ಚಿಮ್ಮುವುದಿಲ್ಲ, ಕಚ್ಚಿಕೊಂಡು ಕೂರುತ್ತದೆ. ಎರಡು ಏಟುಗಳ ನಡುವೆಯೂ ಕಲ್ಲಿನ ಮೇಲಿನ ಸೆಳೆತ ಉಳಿಯುತ್ತದೆ, ಮುಂದಿನ ಏಟು ಅದಕ್ಕೆ ಕೂಡಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಅಂಶ ಇದೇ, ಗಮನಿಸಿ.

ಇನ್ನು ಸ್ಟ್ರೆಸ್, ಅಂದರೆ ಬಲವನ್ನು ಅದು ಹಂಚಿಹೋಗುವ ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಬೆಲೆ, ಮಾನ ಪಾಸ್ಕಲ್. ಗ್ರಾನೈಟ್ ಅನ್ನು ಅದುಮಿ ಪುಡಿ ಮಾಡಲು 100 ಮೆಗಾಪಾಸ್ಕಲ್‌ಗೂ ಹೆಚ್ಚು ಬೇಕಾಗುತ್ತದೆ. ಎಳೆದು ಬಿರಿಯಲು ಅದರ ಹತ್ತನೇ ಒಂದು ಪಾಲಿನ ಆಸುಪಾಸು ಸಾಕು. ಬೆಣೆ ಕಲ್ಲನ್ನು ಜಜ್ಜುವುದಿಲ್ಲ, ಎರಡೂ ಬದಿಗೆ ಎಳೆಯುತ್ತದೆ. ಕಲ್ಲಿನ ದೌರ್ಬಲ್ಯಕ್ಕೇ ಕೈ ಹಾಕುತ್ತದೆ. ಕುಳಿಗಳನ್ನು ಒಂದೇ ಗೆರೆಯಲ್ಲಿ ತೋಡುವುದೂ ಇದಕ್ಕಾಗಿಯೇ. ಒಂದೊಂದು ಬೆಣೆಗೂ ಸರದಿಯಂತೆ ಹೊಡೆಯುತ್ತಾ ಹೋದರೆ ಕುಳಿಯಿಂದ ಕುಳಿಗೆ ಬಿರುಕು ಕೂಡಿಕೊಳ್ಳುತ್ತದೆ. ಬಿರುಕಿನ ತುದಿಯಲ್ಲಿ ಸ್ಟ್ರೆಸ್ ದಟ್ಟೈಸುತ್ತದೆ. ಬಿರುಕು ಉದ್ದವಾದಷ್ಟೂ ಅದು ಏರುತ್ತದೆ.

ಕಲ್ಲಿನ ತೊಲೆಯ ಕಥೆಯೂ ಇದೇ. ಭಾರ ಬಿದ್ದು ತೊಲೆ ಬಾಗಿದಾಗ ಅದರ ತಳಭಾಗ ಎಳೆತಕ್ಕೆ ಸಿಗುತ್ತದೆ, ತೊಲೆ ಉದ್ದವಾದಷ್ಟೂ ಈ ಎಳೆತ ಹೆಚ್ಚು. ಕಲ್ಲಿನ ಮಂಟಪಗಳಲ್ಲಿ ಕಂಬಗಳು ಹತ್ತಿರ ಹತ್ತಿರ ಇರುವುದಕ್ಕೆ ಇದು ದೊಡ್ಡ ಕಾರಣ.

ನೀವೇ ಮಾಡಿ ನೋಡಿ: ಗುಣಾಂಕ 0.3 ಆಗಿಯೇ ಇರಲಿ, ಬೆಣೆಯ ಕೋನ 40 ಡಿಗ್ರಿ ಆಗಲಿ. ಏಟು ನಿಂತ ಮೇಲೆ ಬೆಣೆ ಕುಳಿಯಲ್ಲಿ ನಿಲ್ಲುತ್ತದೆಯೇ?