ಮರಳಲ್ಲಿ ಉಳಿದ ಹಡಗು, ಹಲ್ಲಲ್ಲಿ ಉಳಿದ ಊರು

ಸುಮಾರು 410ರಲ್ಲಿ ರೋಮನ್ನರ ಆಳ್ವಿಕೆ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಏನಾಯಿತು? ಮುಂದಿನ ಇನ್ನೂರು ವರ್ಷಗಳ ಬಗ್ಗೆ ಆ ಕಾಲದವರೇ ಬರೆದಿಟ್ಟದ್ದು ತೀರಾ ಕಡಿಮೆ. ಹಾಗಾಗಿ ಉತ್ತರ ಸಮುದ್ರದಾಚೆಯಿಂದ ಬಂದು ನೆಲೆಸಿದ ಆಂಗ್ಲೋ-ಸ್ಯಾಕ್ಸನ್ನರ ಆ ದಿನಗಳಿಗೆ ‘ಕತ್ತಲ ಯುಗ’ ಎಂಬ ಹೆಸರು ಅಂಟಿಕೊಂಡಿತು. ನೆಲ ಅಗೆದು ನೋಡಿದರೆ ಆ ಹೆಸರು ಅನ್ಯಾಯದ್ದು ಅನಿಸುತ್ತದೆ.

1939ರಲ್ಲಿ ಪೂರ್ವ ಇಂಗ್ಲೆಂಡಿನ ಸಫೊಕ್‌ನ ಸಟನ್ ಹೂ ಎಂಬಲ್ಲಿ ಪುರಾತತ್ವಜ್ಞ ಬೇಸಿಲ್ ಬ್ರೌನ್ ಒಂದು ದಿಬ್ಬ ಅಗೆಯುತ್ತಿದ್ದರು. ಕೆಲಸ ಒಪ್ಪಿಸಿದ್ದು ಜಮೀನಿನ ಒಡತಿ ಎಡಿತ್ ಪ್ರೆಟ್ಟಿ. ಮೊದಲು ಹಲಗೆ ಜೋಡಿಸುವ, ತುಕ್ಕು ಹಿಡಿದ ಕಬ್ಬಿಣದ ರಿವೆಟ್‌ಗಳು (ಮೊಳೆಗಳು) ಸಿಕ್ಕವು. ಅವನ್ನು ಕೀಳದೆ, ಇದ್ದಲ್ಲೇ ಬಿಟ್ಟು, ಬ್ರೌನ್ ಮೆಲ್ಲಗೆ ಮರಳು ಸರಿಸುತ್ತಾ ಹೋದರು. ಹಲಗೆಗಳೆಲ್ಲ ಎಂದೋ ಕೊಳೆತು ಹೋಗಿದ್ದವು. ಆದರೂ ಅವುಗಳ ಅಚ್ಚು ಮರಳಲ್ಲಿ ಹಾಗೇ ಉಳಿದಿತ್ತು. ಸುಮಾರು 27 ಮೀಟರ್ ಉದ್ದದ ಹಡಗು!

ಅದರ ನಡುವೆ ಒಬ್ಬ ದೊಡ್ಡ ಮನುಷ್ಯನ ಸಮಾಧಿ. ಪೂರ್ವ ಆಂಗ್ಲಿಯಾದ ರಾಜ ರೆಡ್ವಾಲ್ಡ್ ಇರಬಹುದು ಎಂದು ಹಲವರ ಅಂದಾಜು. ಆಮ್ಲೀಯ ಮಣ್ಣು ದೇಹವನ್ನು ಕರಗಿಸಿತ್ತು. ಅಲ್ಲಿ ಉಳಿದಿದ್ದ, ಹಣದ ಚೀಲದ ಚಿನ್ನದ ಮುಚ್ಚಳವನ್ನು ಹತ್ತಿರದಿಂದ ನೋಡಬೇಕು. ಪುಟ್ಟ ಪುಟ್ಟ ಗೂಡುಗಳಲ್ಲಿ ಕೆಂಪು ಗಾರ್ನೆಟ್ ಹರಳು ಕೂರಿಸಿದ್ದಾರೆ. ಹರಳಿನ ಹಿಂದೆ ಗೆರೆ ಮೂಡಿಸಿದ ತೆಳು ಚಿನ್ನದ ಹಾಳೆ ಇಟ್ಟಿದ್ದಾರೆ, ಬೆಳಕು ಬಿದ್ದಾಗ ಮಿನುಗಲಿ ಅಂತ. ಎಂಥ ಕೈಚಳಕ! ಜೊತೆಗೆ ಫ್ರಾಂಕರ ನಾಡಿನ (ಇಂದಿನ ಫ್ರಾನ್ಸ್ ಸುತ್ತಮುತ್ತ) 37 ಚಿನ್ನದ ನಾಣ್ಯ, ಪೂರ್ವ ರೋಮನ್ ಸಾಮ್ರಾಜ್ಯವಾದ ಬೈಜಾಂಟಿಯಮ್‌ನ ಚಕ್ರವರ್ತಿ ಅನಸ್ತಾಸಿಯಸ್‌ನ ಮುದ್ರೆಯ ದೊಡ್ಡ ಬೆಳ್ಳಿ ತಟ್ಟೆ. ದೂರದ ನಾಡುಗಳ ಸಂಪರ್ಕ ಜಾಸ್ತಿಯೇ ಇತ್ತು, ಅಲ್ವಾ?

ಆದರೆ ಜನಸಾಮಾನ್ಯರು ಹೇಗಿದ್ದರು ಅನ್ನುವುದಕ್ಕೆ ಚಿನ್ನಕ್ಕಿಂತ ಹಲ್ಲು ಒಳ್ಳೆಯ ಸಾಕ್ಷಿ. ಹಲ್ಲಿನ ಹೊರಪದರ ಬಾಲ್ಯದಲ್ಲಿ ರೂಪುಗೊಂಡು ಆಮೇಲೆ ಬದಲಾಗುವುದಿಲ್ಲ. ಕುಡಿದ ನೀರು, ತಿಂದ ಅನ್ನದ ಮೂಲಕ ಬೆಳೆದ ಊರಿನ ರಾಸಾಯನಿಕ ಗುರುತು ಅದರಲ್ಲಿ ಉಳಿದುಬಿಡುತ್ತದೆ.

ಕೇಂಬ್ರಿಡ್ಜ್ ಹತ್ತಿರದ ಟ್ರಂಪಿಂಗ್ಟನ್‌ನಲ್ಲಿ 7ನೇ ಶತಮಾನದ ಒಬ್ಬ ಹುಡುಗಿಯ ಸಮಾಧಿ ಸಿಕ್ಕಿತು. ವಯಸ್ಸು ಸುಮಾರು 16. ಮರದ ಮಂಚದ ಮೇಲೆ ಮಲಗಿಸಿದ್ದರು, ಎದೆಯ ಮೇಲೆ ಚಿನ್ನ-ಗಾರ್ನೆಟ್ ಶಿಲುಬೆ. ಅವಳು ಬೆಳೆದದ್ದು ಆಲ್ಪ್ಸ್ ಬೆಟ್ಟಗಳ ಆಸುಪಾಸಿನಲ್ಲಿ, ಇಂಗ್ಲೆಂಡಿಗೆ ಬಂದದ್ದು 7 ವರ್ಷ ಕಳೆದ ಮೇಲೆ ಎಂದು ಪರೀಕ್ಷೆಗಳು ಸೂಚಿಸುತ್ತವೆ. ಬಂದ ಮೇಲೆ ಅವಳ ಊಟದಲ್ಲಿ ಪ್ರೋಟೀನ್ ಕಡಿಮೆಯಾಗಿತ್ತಂತೆ. ಹೊಸ ಊರು, ಹೊಸ ಊಟ, ಬದುಕಿದ್ದು ಕೆಲವೇ ವರ್ಷ. ಓದಿದಾಗ ಕರುಳು ಚುರುಕ್ ಅನ್ನುತ್ತದೆ.

ಡಿಎನ್‌ಎ ಇನ್ನಷ್ಟು ಹೇಳುತ್ತದೆ. 2022ರ ಒಂದು ಅಧ್ಯಯನದ ಪ್ರಕಾರ, ಆ ಕಾಲದ ಪೂರ್ವ ಇಂಗ್ಲೆಂಡಿನ ಜನರ ವಂಶಮೂಲದಲ್ಲಿ ಸುಮಾರು ಮುಕ್ಕಾಲು ಪಾಲು ಉತ್ತರ ಸಮುದ್ರದಾಚೆಯದು. ಬರೀ ಯೋಧರಲ್ಲ, ಹೆಂಗಸರೂ ಬಂದಿದ್ದರು. ಕೆಂಟ್‌ನ ಅಪ್‌ಡೌನ್ ಎಂಬಲ್ಲಿ ಸಿಕ್ಕ ಹತ್ತು-ಹನ್ನೊಂದು ವರ್ಷದ ಹುಡುಗಿಯ ವಂಶದಲ್ಲಂತೂ ಪಶ್ಚಿಮ ಆಫ್ರಿಕಾದ ಪಾಲೂ ಇತ್ತು. ಅವಳ ಸಮಾಧಿಯಲ್ಲಿ ಒಂದು ಚಾಕು, ಬಾಚಣಿಗೆ, ಮಡಕೆ ಇದ್ದವು, ಅಲ್ಲಿನ ಉಳಿದವರಿಗೆ ಇಟ್ಟಂತೆಯೇ.