ಮದುವೆ ಕಾಗದದ ಹೆಸರಲ್ಲಿ ಬರುವ ಆಪ್

ಮಲೆನಾಡಲ್ಲಿ ಅಡಿಕೆ ಕೊಯ್ಲು ಮುಗಿದರೆ ಮದುವೆಗಳ ಸಾಲು ಶುರು. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡ, ಹಳ್ಳ. ಎಲ್ಲರನ್ನೂ ಹೋಗಿ ಕರೆಯಲು ಆಗುವುದಿಲ್ಲ, ಲಗ್ನಪತ್ರಿಕೆ ವಾಟ್ಸಾಪ್‌ನಲ್ಲೇ ಬರುತ್ತದೆ. ವಂಚಕರು ಹಿಡಿದುಕೊಂಡಿರುವುದು ಈ ರೂಢಿಯನ್ನೇ.

ನಿಜವಾದ ಪತ್ರಿಕೆ ಫೋಟೊ, ವಿಡಿಯೊ ಅಥವಾ ಪಿಡಿಎಫ್ ಆಗಿರುತ್ತದೆ. ಫೈಲಿನ ಹೆಸರು ಎಪಿಕೆ (.apk) ಎಂಬ ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ಮುಗಿದರೆ ಅದು ಪತ್ರಿಕೆ ಅಲ್ಲ, ಆಂಡ್ರಾಯ್ಡ್ ಫೋನಿಗೆ ಹಾಕುವ ಆಪ್. ಟ್ರಾಫಿಕ್ ದಂಡ, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಹೆಸರಲ್ಲೂ ಇಂಥವು ಬರುತ್ತವೆ.

ಇನ್‌ಸ್ಟಾಲ್ ಆದ ಮೇಲೆ ಅದು ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಅಪಾಯ ಇರುವುದು ಇಲ್ಲಿಯೇ. ಬ್ಯಾಂಕು ಹಣ ಬಿಡುವ ಮೊದಲು ಸಾಮಾನ್ಯವಾಗಿ ಎರಡು ವಿಷಯ ನೋಡುತ್ತದೆ. ನಿಮಗೆ ಮಾತ್ರ ಗೊತ್ತಿರುವ ಪಾಸ್‌ವರ್ಡ್ ಅಥವಾ ಪಿನ್ ಒಂದು. ನಿಮ್ಮ ಕೈಯಲ್ಲಿರುವ ಫೋನು ಇನ್ನೊಂದು. ಎಸ್ಸೆಮ್ಮೆಸ್‌ನಲ್ಲಿ ಒಟಿಪಿ ಕಳಿಸುವುದು ಆ ಫೋನು ನಿಮ್ಮ ಹತ್ತಿರವೇ ಇದೆ ಎಂದು ಖಾತ್ರಿ ಮಾಡಿಕೊಳ್ಳಲು. ಎಸ್ಸೆಮ್ಮೆಸ್ ಓದುವ ಆಪ್ ಆ ಒಟಿಪಿಯನ್ನು ಆ ಕ್ಷಣವೇ ಎಲ್ಲೋ ಕುಳಿತ ಕಳ್ಳನಿಗೆ ದಾಟಿಸುತ್ತದೆ. ಫೋನು ನಿಮ್ಮ ಜೇಬಿನಲ್ಲಿದ್ದರೂ ಬ್ಯಾಂಕಿನ ಲೆಕ್ಕದಲ್ಲಿ ಅದು ಅವನ ಕೈಯಲ್ಲಿದ್ದ ಹಾಗೆ. ಪಾಸ್‌ವರ್ಡ್, ಪಿನ್ ಕದಿಯಲು ಬ್ಯಾಂಕಿನದೇ ಎನಿಸುವ ನಕಲಿ ಪುಟವನ್ನೂ ಕೆಲವು ಆಪ್‌ಗಳು ತೋರಿಸುತ್ತವೆ.

ಗೊತ್ತಿರುವವರ ನಂಬರಿನಿಂದಲೇ ಬಂದಿದೆಯಲ್ಲ ಎನ್ನಬಹುದು. ಬೇರೆ ಫೋನಿನಲ್ಲಿ ವಾಟ್ಸಾಪ್ ತೆರೆಯಲು ಬೇಕಾದ 6 ಅಂಕಿಯ ಕೋಡ್ ಕೂಡ ಎಸ್ಸೆಮ್ಮೆಸ್‌ನಲ್ಲೇ ಬರುತ್ತದೆ, ಅಲ್ವಾ? ನಿಮ್ಮ ಚಿಕ್ಕಪ್ಪನ ಫೋನಿನಲ್ಲಿ ಈ ಆಪ್ ಸೇರಿ ಆ ಕೋಡ್ ಸಿಕ್ಕರೆ ಕಳ್ಳ ಅವರ ಹೆಸರಲ್ಲೇ ಕುಟುಂಬದ ಗ್ರೂಪಿಗೆಲ್ಲ ಪತ್ರಿಕೆ ಹಂಚುತ್ತಾನೆ. ಚಿಕ್ಕಪ್ಪನಿಗೆ ಅದು ಗೊತ್ತೇ ಇರಲಿಕ್ಕಿಲ್ಲ. ಅನುಮಾನ ಬಂದರೆ ವಾಟ್ಸಾಪ್‌ನಲ್ಲಿ ಕೇಳಬೇಡಿ, ನೇರ ಫೋನ್ ಮಾಡಿ. ವಾಟ್ಸಾಪ್‌ನಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಪಿನ್ ಹಾಕಿಟ್ಟರೆ ಬರೀ ಕೋಡ್ ಸಿಕ್ಕಿದ ಮಾತ್ರಕ್ಕೆ ಖಾತೆ ತೆರೆಯುವುದಿಲ್ಲ.

ನಮ್ಮ ಕಡೆಯ ಇನ್ನೊಂದು ತೊಂದರೆ ಸಿಗ್ನಲ್. ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ವೈಫೈ ಇದೆ, ಮೊಬೈಲ್ ಸಿಗ್ನಲ್ ಇಲ್ಲ. ಅಲ್ಲಿ ಒಟಿಪಿ ಸಾಮಾನ್ಯವಾಗಿ ಬರುವುದಿಲ್ಲ, ಆಪ್ ಸುಮ್ನೆ ಕಾಯುತ್ತದೆ. ನೀವು ಪೇಟೆಗೆ ಬಂದು ಸಿಗ್ನಲ್ ಸಿಕ್ಕಾಗ ಅದರ ಕೆಲಸ ಶುರು. ಫೈಲ್ ಒತ್ತಿ ವಾರವಾಯಿತು, ಏನೂ ಆಗಲಿಲ್ಲ ಎಂದು ನಿರಾಳವಾಗಬೇಡಿ. ಐಕಾನ್ ಕಾಣದಂತೆ ಅಡಗುವ ಆಪ್‌ಗಳೂ ಇವೆ, ಸೆಟ್ಟಿಂಗ್ಸ್‌ನ ಆಪ್ ಪಟ್ಟಿಯಲ್ಲಿ ಹುಡುಕಬೇಕು. ಆಂಡ್ರಾಯ್ಡ್ 8ರಿಂದ ಈಚೆಗಿನ ಫೋನುಗಳಲ್ಲಿ ಪ್ಲೇ ಸ್ಟೋರ್ ಹೊರಗಿನ ಆಪ್ ಹಾಕುವ ಅನುಮತಿ ಒಂದೊಂದು ಆಪ್‌ಗೂ ಬೇರೆ ಬೇರೆ. ವಾಟ್ಸಾಪ್‌ಗೆ ಅದನ್ನು ಕೊಟ್ಟಿದ್ದರೆ ಇವತ್ತೇ ತೆಗೆಯಿರಿ. ಅಪ್ಪ ಅಮ್ಮನ ಫೋನಿನಲ್ಲೂ ನೋಡಿ.

ಈಗಾಗಲೇ ಇನ್‌ಸ್ಟಾಲ್ ಆಗಿದ್ದರೆ ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆರಿಸಿ. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಿ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಿಳಿಸಿ. ಕದ್ದ ಹಣ ಬೇಗಬೇಗ ಖಾತೆಯಿಂದ ಖಾತೆಗೆ ಜಿಗಿಯುತ್ತದೆ. ದೂರು ಬೇಗ ಹೋದಷ್ಟೂ ಅದನ್ನು ನಡುವೆ ತಡೆಯುವ ಅವಕಾಶ ಜಾಸ್ತಿ.