ಉಚಿತ ವಿದ್ಯುತ್ತಿನ ಹಣ ಯಾರ ತಲೆಯ ಮೇಲೆ? ಸೆಕ್ಷನ್ 65ರ ಟಿಪ್ಪಣಿ

ಹಾಸನದ ನಮ್ಮ ಓದಿನ ಗುಂಪಿನಲ್ಲಿ ಕೆಎಎಸ್‌ಗೆ ತಯಾರಾಗುತ್ತಿರುವವರೂ ಕಾನೂನು ವಿದ್ಯಾರ್ಥಿಗಳೂ ಇದ್ದಾರೆ. ಗೃಹಜ್ಯೋತಿಯ ಮಾತು ಬಂದ ಕೂಡಲೇ ಚರ್ಚೆ ಪಕ್ಷಗಳ ಕಡೆಗೆ ಹೊರಳುತ್ತದೆ. ವಿದ್ಯುಚ್ಛಕ್ತಿ ಕಾಯ್ದೆ, 2003 ಮುಚ್ಚಿದಂತೆಯೇ ಉಳಿಯುತ್ತದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸರ್ಕಾರ ಯಾರಿಗೆ ಬೇಕಾದರೂ ಉಚಿತವಾಗಿ ವಿದ್ಯುತ್ ಕೊಡಲಿ, ಹಣವನ್ನು ಮುಂಗಡವಾಗಿ ಕಟ್ಟಿ ಕೊಡಲಿ. ಇದನ್ನು ಸಂಪ್ರದಾಯವಾದಿ ನಿಲುವು ಎನ್ನುವವರು ಹಾಗೆಯೇ ಕರೆಯಲಿ, ನನಗೆ ಒಪ್ಪಿಗೆ. ಕಾಯ್ದೆಯ ಅಕ್ಷರವೂ ಅದೇ ಕಡೆಗಿದೆ ಎಂಬುದನ್ನು ಇಲ್ಲಿ ತೋರಿಸುತ್ತೇನೆ.

ಬೇಗ ದಾಟಬಹುದಾದ ಭಾಗ

ವಿದ್ಯುತ್ ಸಂವಿಧಾನದ ಸಮವರ್ತಿ ಪಟ್ಟಿಯ (ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಯ) 38ನೇ ನಮೂದು. ಅದರ ಬಳಕೆ ಮತ್ತು ಮಾರಾಟದ ಮೇಲಿನ ತೆರಿಗೆ ರಾಜ್ಯ ಪಟ್ಟಿಯ 53ನೇ ನಮೂದು. ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ಬೇಲೂರು ಮತ್ತು ಮೂಡಿಗೆರೆ ಅಕ್ಕಪಕ್ಕದ ತಾಲ್ಲೂಕುಗಳಾದರೂ ವಿದ್ಯುತ್ ಸರಬರಾಜು ಕಂಪನಿ (ಎಸ್ಕಾಂ) ಹಾಸನ ಜಿಲ್ಲೆಗೆ ಸೆಸ್ಕ್, ಚಿಕ್ಕಮಗಳೂರು ಜಿಲ್ಲೆಗೆ ಮೆಸ್ಕಾಂ; ಇಬ್ಬರ ಮೇಲೂ ಇರುವ ಆಯೋಗ ಒಂದೇ. ಸೆಕ್ಷನ್ 62 ದರದ ಬಗ್ಗೆ, 64 ಅದರ ವಿಧಾನದ ಬಗ್ಗೆ. ಆಯೋಗದ ಆದೇಶದ ವಿರುದ್ಧ 111ರ ಅಡಿ ಮೇಲ್ಮನವಿ ನ್ಯಾಯಾಧಿಕರಣಕ್ಕೆ, ಅಲ್ಲಿಂದ ಮುಂದೆ 125ರ ಅಡಿ ಸುಪ್ರೀಂ ಕೋರ್ಟಿಗೆ ಹೋಗಬಹುದು.

ಒಂದು ಲೆಕ್ಕ

ಬೇಲೂರಿನ ಒಂದು ಮನೆಯ 2022–23ರ ತಿಂಗಳ ಸರಾಸರಿ ಬಳಕೆ 60 ಯೂನಿಟ್ ಎಂದು ಇಟ್ಟುಕೊಳ್ಳಿ. ಅದಕ್ಕೆ ಶೇ 10 ಸೇರಿಸಿದರೆ 66. ಗೃಹಜ್ಯೋತಿಯಲ್ಲಿ ಆ ಮನೆಗೆ ಸಿಗುವ ಅರ್ಹ ಮಿತಿ ಇಷ್ಟು. (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ ಎಂದು 2024ರ ಜನವರಿಯಲ್ಲಿ ಬದಲಾಯಿತು.) ತಿಂಗಳಿಗೆ 80 ಯೂನಿಟ್ ಬಳಸಿದರೆ ಹೆಚ್ಚಿನ 14 ಯೂನಿಟ್‌ಗೆ ಮನೆಯವರು ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ಅವರದೇ.

ಗಮನಿಸಬೇಕಾದದ್ದು ಉಳಿದ 66 ಯೂನಿಟ್. 2024–25ರಲ್ಲಿ ಗೃಹಬಳಕೆಯ ದರ ಯೂನಿಟ್‌ಗೆ ₹5.90 ಇತ್ತು. ನಿಗದಿತ ಶುಲ್ಕ, ತೆರಿಗೆ ಬಿಟ್ಟರೂ ₹389.40 ಆಯಿತು. ಬಿಲ್ಲಿನಲ್ಲಿ ಸೊನ್ನೆ ಎಂದು ಬಂದರೂ ದರ ಸೊನ್ನೆಯಾಗಿಲ್ಲ. ದರ ₹5.90 ಆಗಿಯೇ ಇತ್ತು, ಕಟ್ಟುವವರು ಬದಲಾಗಿದ್ದರು. ಇದು ಮನಸ್ಸಿಗೆ ಹತ್ತಿದರೆ ಸೆಕ್ಷನ್ 65 ಅರ್ಧ ಅರ್ಥವಾದಂತೆ.

ಸೆಕ್ಷನ್ 65: ಇಲ್ಲಿ ನಿಧಾನವಾಗಿ ಓದಿ

ಆಯೋಗ ನಿಗದಿ ಮಾಡಿದ ದರದಲ್ಲಿ ಯಾವುದಾದರೂ ವರ್ಗದ ಗ್ರಾಹಕರಿಗೆ ಸಹಾಯಧನ ಕೊಡಬೇಕೆಂದು ರಾಜ್ಯ ಸರ್ಕಾರ ಬಯಸಿದರೆ, ಅದರಿಂದ ನಷ್ಟವಾಗುವವರಿಗೆ ತುಂಬಿಕೊಡಬೇಕಾದ ಮೊತ್ತವನ್ನು ಆಯೋಗ ಹೇಳಿದ ರೀತಿಯಲ್ಲಿ ಮುಂಗಡವಾಗಿ ಪಾವತಿಸಬೇಕು. ಈ ಪಾವತಿ ಸಹಾಯಧನ ಜಾರಿಯಾಗಲು ಇರುವ ಷರತ್ತು. ಇಲ್ಲಿಯವರೆಗೆ ಯಾರಿಗೂ ತೊಡಕಿಲ್ಲ.

ತೊಡಕು ಪರಂತುಕದಲ್ಲಿದೆ, ಅಂದರೆ ಸೆಕ್ಷನ್‌ನ ಕೊನೆಗೆ 'ಆದರೆ' ಎಂದು ಸೇರಿಸಿದ ಷರತ್ತಿನಲ್ಲಿ. ಹಣ ಬಾರದಿದ್ದರೆ ಸರ್ಕಾರದ ನಿರ್ದೇಶನ ಊರ್ಜಿತವಲ್ಲ ಎನ್ನುತ್ತದೆ ಅದರ ಮೊದಲ ತುಂಡು. ಆಯೋಗದ ದರ ಅನ್ವಯವಾಗುವುದು 'ಈ ಬಗ್ಗೆ ಆಯೋಗ ಆದೇಶ ಹೊರಡಿಸಿದ ದಿನದಿಂದ' ಎನ್ನುತ್ತದೆ ಎರಡನೆಯದು. ನಾನು ಬಹಳ ಹೊತ್ತು ಸಿಕ್ಕಿಕೊಂಡದ್ದು ಇಲ್ಲಿಯೇ. ನಿರ್ದೇಶನ ತಾನಾಗಿಯೇ ಬೀಳುತ್ತದೆಯೇ, ಆಯೋಗದ ಆದೇಶಕ್ಕೆ ಕಾಯಬೇಕೇ?

ತಿಂಗಳುಗಳನ್ನು ಹಾಕಿ ನೋಡಿದರೆ ಬಿಡಿಸಿಕೊಳ್ಳುತ್ತದೆ. ಏಪ್ರಿಲ್‌ನ ಮುಂಗಡ ಬರಲಿಲ್ಲ ಎಂದುಕೊಳ್ಳೋಣ. ಸರ್ಕಾರದ ಮಟ್ಟಿಗೆ ಷರತ್ತು ಅಂದೇ ಮುರಿಯಿತು. ಆದರೆ ಬೇಲೂರಿನ ಆ ಮನೆಗೆ ₹389.40ರ ಬಿಲ್ ಕೊಡಲು ಎಸ್ಕಾಂಗೆ ಆಯೋಗದ ಆದೇಶ ಬೇಕು. ಆದೇಶ ಆಗಸ್ಟ್‌ನಲ್ಲಿ ಬಂದರೆ ಗ್ರಾಹಕ ಪೂರ್ಣ ದರ ಕೊಡಬೇಕಾದದ್ದು ಅಲ್ಲಿಂದ ಮುಂದಕ್ಕೆ. ನಡುವಿನ ತಿಂಗಳುಗಳ ಹಣ ಗ್ರಾಹಕನ ಮೇಲೂ ಇಲ್ಲ, ಖಜಾನೆಯಿಂದಲೂ ಬಂದಿಲ್ಲ. ಅದು ಎಸ್ಕಾಂ ಪುಸ್ತಕದಲ್ಲಿ ಬಾಕಿಯಾಗಿ ಕುಳಿತುಕೊಳ್ಳುತ್ತದೆ. ಎಸ್ಕಾಂ ವಿದ್ಯುತ್ ಕೊಟ್ಟವರಿಗೆ ಹಣ ಕಟ್ಟಲು ಸಾಲ ತರುತ್ತದೆ, ಸಾಲಕ್ಕೆ ಬಡ್ಡಿ ಏರುತ್ತದೆ. ಆಯೋಗ ಸುಮ್ಮನಿದ್ದಷ್ಟೂ ಈ ಕಂದಕ ಅಗಲವಾಗುತ್ತದೆ. ಉಚಿತ ಯೋಜನೆಯನ್ನು ಹೊಗಳುವವರೂ ತೆಗಳುವವರೂ ನೋಡದೆ ಬಿಡುವ ಜಾಗ ಇದು.

ಹಾಗಾದರೆ ಆದೇಶ ಹೊರಡಿಸುವುದು ಆಯೋಗದ ಇಚ್ಛೆಗೆ ಬಿಟ್ಟದ್ದೇ? 2023ರ ಜುಲೈನಲ್ಲಿ ಕೇಂದ್ರ ತನ್ನ ವಿದ್ಯುತ್ ನಿಯಮಗಳಿಗೆ 15ನೇ ನಿಯಮವನ್ನು ಸೇರಿಸಿತು. ಎಷ್ಟು ಸಹಾಯಧನಕ್ಕೆ ಬಿಲ್ ಆಯಿತು, ಎಷ್ಟು ಬಂತು ಎಂಬ ತ್ರೈಮಾಸಿಕ ವರದಿ ಬೇಕು. ಮುಂಗಡ ಬಾರದಿದ್ದರೆ ಸೆಕ್ಷನ್ 65ರಂತೆ ಸಹಾಯಧನವಿಲ್ಲದ ದರ ಜಾರಿಗೆ ಆಯೋಗ ಆದೇಶ ಹೊರಡಿಸಲೇಬೇಕು ಎನ್ನುತ್ತದೆ ಅದು. ಪರಂತುಕದ ಎರಡು ತುಂಡುಗಳ ನಡುವಿನ ಸಂದನ್ನು ಈ ನಿಯಮ ಮುಚ್ಚುತ್ತದೆ. 2025ರ ಆಗಸ್ಟ್ 6ರಂದು ಸುಪ್ರೀಂ ಕೋರ್ಟ್ ಕೂಡ, ವಸೂಲಾಗದೆ ಮುಂದೂಡಿದ ವಿದ್ಯುತ್ ವೆಚ್ಚದ ಬಾಕಿಯನ್ನು ಮಿತಿಯಿಲ್ಲದೆ ಬೆಳೆಯಲು ಬಿಡಬಾರದು, ಕಾಲಮಿತಿಯಲ್ಲಿ ತೀರಿಸಬೇಕು ಎಂದಿದೆ. ಇಂದಿನ ಬಾಕಿಯನ್ನು ನಾಳೆ ತೀರಿಸುವವರು ನಾಳಿನ ಗ್ರಾಹಕರು. ನನ್ನನ್ನು ಕಾಡುವುದು ಈ ಅನ್ಯಾಯ.

ಸೆಕ್ಷನ್ 108ರ ಗೊಂದಲ

ಸಾರ್ವಜನಿಕ ಹಿತದ ನೀತಿಯ ವಿಷಯದಲ್ಲಿ ಸರ್ಕಾರ ಆಯೋಗಕ್ಕೆ ನಿರ್ದೇಶನ ಕೊಡಬಹುದಲ್ಲ ಎಂದು ಗುಂಪಿನಲ್ಲಿ ಕೇಳುತ್ತಾರೆ. ಕೊಡಬಹುದು. ಆಯೋಗ ಅದರಿಂದ ಮಾರ್ಗದರ್ಶನ ಪಡೆಯಬೇಕು ಎಂಬಷ್ಟೇ 108ರ ಮಾತು. ಸಹಾಯಧನಕ್ಕೆಂದೇ 65 ಇರುವಾಗ, 108ನ್ನು ಹಿಡಿದು ಮುಂಗಡವನ್ನು ತಪ್ಪಿಸಿಕೊಳ್ಳಲು ಬರುವುದಿಲ್ಲ. '108ರ ಅಡಿ ಯಾವ ನಿರ್ದೇಶನ ಕೊಟ್ಟಿದ್ದರೂ' ಎಂಬ ಅರ್ಥದ ಮಾತು ಪರಂತುಕಕ್ಕೂ ಮೊದಲು, 65ರ ಮುಖ್ಯ ಭಾಗದಲ್ಲಿಯೇ ಇದೆ ಎಂಬುದನ್ನು ಅಡಿಗೆರೆ ಹಾಕಿಕೊಳ್ಳಿ.

ಪಂಪ್‌ಸೆಟ್

ಅರಸೀಕೆರೆಯ ತೆಂಗಿನ ತೋಟದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಕಾಫಿ, ಚಹಾ, ರಬ್ಬರ್ ತೋಟಗಳಿಗೆ ದರಪಟ್ಟಿಯಲ್ಲಿ ಬೇರೆ ವರ್ಗ. ಸಕಲೇಶಪುರದ ಬೆಳೆಗಾರರ ಅಸಮಾಧಾನಕ್ಕೆ ಅದು ಕಾರಣ. ಆ ಅಸಮಾಧಾನ ನನಗೆ ಅರ್ಥವಾಗುತ್ತದೆ, ಆದರೆ ಪಟ್ಟಿಗೆ ಇನ್ನೊಂದು ವರ್ಗ ಸೇರಿಸುವ ಮೊದಲು ಮೀಟರ್ ಬರಲಿ. ಕಾಯ್ದೆ ಜಾರಿಯಾಗಿ ಎರಡು ವರ್ಷದ ನಂತರ ಸರಿಯಾದ ಮೀಟರ್ ಇಲ್ಲದೆ ವಿದ್ಯುತ್ ಕೊಡಬಾರದು ಎನ್ನುತ್ತದೆ ಸೆಕ್ಷನ್ 55. ಕಾಯ್ದೆ ಜಾರಿಯಾದದ್ದು 2003ರ ಜೂನ್ 10ರಂದು. ಬಹುತೇಕ ಪಂಪ್‌ಸೆಟ್‌ಗಳ ಬಳಕೆಯನ್ನು ಇಂದಿಗೂ ಅಂದಾಜಿನ ಮೇಲೆ ಲೆಕ್ಕ ಹಾಕಲಾಗುತ್ತದೆ. ಬಳಸಿದ್ದೆಷ್ಟು ಎಂದೇ ಗೊತ್ತಿಲ್ಲದಿದ್ದರೆ 65ರ ಮುಂಗಡ ಎಷ್ಟೆಂದು ಹೇಳುವುದು ಹೇಗೆ?

ಶಾಸಕಾಂಗವೂ ಹಿಂದೆ ಸರಿದದ್ದುಂಟು. ಸೆಕ್ಷನ್ 61ರ (ಜಿ) ಮೊದಲು ಅಡ್ಡ ಸಹಾಯಧನವನ್ನು (ಒಂದು ವರ್ಗದ ಗ್ರಾಹಕರಿಗೆ ಹೆಚ್ಚು ದರ ಹಾಕಿ ಇನ್ನೊಂದು ವರ್ಗದ ದರ ಇಳಿಸುವುದನ್ನು) 'ತಗ್ಗಿಸಿ ನಿವಾರಿಸಬೇಕು' ಎಂದಿತ್ತು. 2007ರ ತಿದ್ದುಪಡಿ 'ನಿವಾರಿಸುವ' ಮಾತನ್ನು ತೆಗೆದು 'ತಗ್ಗಿಸುವ' ಮಾತನ್ನು ಉಳಿಸಿತು. ಅಂಗಡಿ, ಕಾರ್ಖಾನೆಗಳ ದರದಲ್ಲಿ ಬೇರೆಯವರ ಭಾರ ಇನ್ನೂ ಕುಳಿತಿರುವುದಕ್ಕೆ ಇದು ಒಂದು ಕಾರಣ.

ಕೇಂದ್ರಕ್ಕೂ ಅದೇ ಅಳತೆ

2024ರ ಡಿಸೆಂಬರ್ 20ರಂದು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ, ಹಸಿರು ವಿದ್ಯುತ್ತಿನ ಮುಕ್ತ ಪ್ರವೇಶದ (ಸ್ಥಳೀಯ ಎಸ್ಕಾಂ ಬಿಟ್ಟು ಬೇರೆಯವರಿಂದ ವಿದ್ಯುತ್ ಕೊಂಡು ಅದೇ ತಂತಿಜಾಲದಲ್ಲಿ ತರಿಸಿಕೊಳ್ಳುವ ಅವಕಾಶದ) ಬಗ್ಗೆ ಕೇಂದ್ರ 2022ರಲ್ಲಿ ಮಾಡಿದ್ದ ನಿಯಮಗಳನ್ನು ರದ್ದುಗೊಳಿಸಿತು. ಅವನ್ನು ಅನುಸರಿಸಿ ಕೆಇಆರ್‌ಸಿ ಮಾಡಿದ್ದ ವಿನಿಯಮಗಳೂ ಬಿದ್ದವು. ಮುಕ್ತ ಪ್ರವೇಶವನ್ನು ಕಾಯ್ದೆ ರಾಜ್ಯ ಆಯೋಗಕ್ಕೆ ಒಪ್ಪಿಸಿರುವಾಗ ಕೇಂದ್ರ ಅಲ್ಲಿ ಕೈಹಾಕಲಾಗದು ಎಂಬುದು ಅದರ ತಿರುಳು. ಹಸಿರು ವಿದ್ಯುತ್ ಒಳ್ಳೆಯದು ಎಂಬ ಕಾರಣಕ್ಕೆ ಇಲ್ಲದ ಅಧಿಕಾರ ಹುಟ್ಟಿಕೊಳ್ಳುವುದಿಲ್ಲ. ನಾನು ಈ ತೀರ್ಪನ್ನು ಮೆಚ್ಚುವುದು ಇದಕ್ಕಾಗಿ.

ಹಾಗಿದ್ದರೆ ಮೇಲೆ ಹೇಳಿದ 15ನೇ ನಿಯಮವೂ ಹೀಗೆಯೇ ಬೀಳಬಹುದೇ? ಪರೀಕ್ಷೆಯಲ್ಲಿ ಕೇಳಿದರೆ ನಾನು ಹೀಗೆ ಬರೆಯುತ್ತೇನೆ: ಸೆಕ್ಷನ್ 176 ಕೇಂದ್ರಕ್ಕೆ ಕೊಟ್ಟಿರುವುದು ಕಾಯ್ದೆಯ ಉಪಬಂಧಗಳನ್ನು ಕಾರ್ಯಗತಗೊಳಿಸಲು ನಿಯಮ ಮಾಡುವ ಅಧಿಕಾರ. ಮುಂಗಡ ಬಾರದಿದ್ದರೆ ಆಯೋಗದ ದರವೇ ಅನ್ವಯ ಎಂದು 65 ಆಗಲೇ ಹೇಳಿದೆ. 15ನೇ ನಿಯಮ ಆ ಆದೇಶವನ್ನು ಆಯೋಗದ ಕೈಯಲ್ಲಿಯೇ ಉಳಿಸಿ, ಹೊರಡಿಸು ಎನ್ನುತ್ತದೆ. 2022ರ ನಿಯಮಗಳು ಆಯೋಗದ ಕೆಲಸವನ್ನೇ ಕೇಂದ್ರಕ್ಕೆ ಎಳೆದುಕೊಂಡವು. ಈ ವ್ಯತ್ಯಾಸವನ್ನು ಒಪ್ಪದವರು ಆಯೋಗದ ವಿನಿಯಮಾಧಿಕಾರದ ಸೆಕ್ಷನ್ 181ನ್ನು ಮುಂದಿಟ್ಟು ವಾದಿಸಬಹುದು. ಆದ್ದರಿಂದ 176 ಮತ್ತು 181ನ್ನು ಒಟ್ಟಿಗೆ ಓದಿಕೊಳ್ಳಿ.